ಹುಳು ಹಣ್ಣಾದ ದಿನ ಶಾಲೆ ಖಾಲಿ: ಹಾಜರಾತಿ ಸರಿಪಡಿಸಲು ನಮ್ಮೂರಿನಲ್ಲಿ ಮಾಡಿದ್ದು

ನಾನು ಮೇಷ್ಟ್ರಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಊರಿನಲ್ಲಿ ರೇಷ್ಮೆ ಬೆಳೆಯುವವನು. ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಸೀಮೆಹಸು, ಒಂದು ಹುಳು ಮನೆ. ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಳು ಅಂತ ನನ್ನನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ ಮಾಡಿದರು. ಬೇರೆ ಯಾರೂ ಒಪ್ಪಲಿಲ್ಲ, ಅದೂ ಒಂದು ಕಾರಣ.

ಅಧ್ಯಕ್ಷನಾದ ಮೊದಲ ತಿಂಗಳಲ್ಲೇ ಮುಖ ಕೆಂಪಗಾಗುವ ಕೆಲಸ ಆಯಿತು. ಮಕ್ಕಳು ಸರಿಯಾಗಿ ಬರುತ್ತಿಲ್ಲ, ಊರಿನವರು ಕೈ ಜೋಡಿಸಬೇಕು ಎಂದು ಹೆಡ್ ಮೇಡಂ ಹೇಳಿದರು. ನಾನು ಜೋರಾಗಿ, "ಯಾವ ಮನೆಯವರು ಹೇಳಿ ಮೇಡಂ, ನಾನೇ ಹೋಗಿ ವಿಚಾರಿಸ್ತೀನಿ" ಅಂದೆ. ಅವರು ಮಾತಾಡದೆ ಹಾಜರಾತಿ ಪುಸ್ತಕ ತೆಗೆದು ನನ್ನ ಮುಂದಿಟ್ಟು, ಒಂದು ಸಾಲಿನ ಮೇಲೆ ಸ್ಕೇಲು ಇಟ್ಟರು. ನನ್ನ ಮಗಳ ಸಾಲು. ಅಲ್ಲಲ್ಲಿ ಎರಡು ಮೂರು ದಿನದ ಗೈರು, ಗುಂಪು ಗುಂಪಾಗಿ. ತಾರೀಕು ನೋಡುತ್ತಾ ಹೋದೆ. ಒಂದೊಂದೂ ನಮ್ಮ ಮನೆಯ ಹುಳು ಹಣ್ಣಾದ ದಿನ, ಅಂದರೆ ರೇಷ್ಮೆ ಹುಳು ಗೂಡು ಕಟ್ಟಲು ಸಿದ್ಧವಾದ ದಿನ.

ಆಮೇಲೆ ಮೂರು ವರ್ಷದಲ್ಲಿ ನಾವು ಮಾಡಿದ್ದನ್ನು, ಕೆಟ್ಟದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ನೀವೂ ಯಾವುದಾದರೂ ಊರಿನ ಎಸ್‌ಡಿಎಂಸಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಉಪಯೋಗಕ್ಕೆ ಬರಬಹುದು. ಮೇಷ್ಟ್ರು, ಮೇಡಂಗಳು ಓದಿದರೂ ಬೇಡ ಅನ್ನುವುದಿಲ್ಲ.

ಪುಸ್ತಕವನ್ನು ಮೇಲಿಂದ ಕೆಳಕ್ಕೆ ಓದಿ

ಹಾಜರಾತಿ ಪುಸ್ತಕವನ್ನು ಎಲ್ಲರೂ ಅಡ್ಡ ಓದುತ್ತಾರೆ. ಈ ಹುಡುಗ ಇಷ್ಟು ದಿನ ಬಂದ, ಆ ಹುಡುಗಿ ಇಷ್ಟು ದಿನ ಬಂದಳು ಅಂತ. ಹಾಗೆ ಓದಿದರೆ ಮಗು ಮಾತ್ರ ಕಾಣುತ್ತದೆ, ತಪ್ಪೂ ಮಗುವಿನದೇ ಅನ್ನಿಸುತ್ತದೆ. ನೀವು ತಾರೀಕಿನ ಕೆಳಗೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಓದಿ. ಆಗ ಊರು ಕಾಣುತ್ತದೆ.

ನಾವು ಮಾಡಿದ್ದು ಇಷ್ಟೇ. ಹೆಡ್ ಮೇಡಂ ಒಪ್ಪಿಗೆ ಪಡೆದು ಹಿಂದಿನ ಮೂರು ತಿಂಗಳ ಪುಸ್ತಕ ತೆಗೆದುಕೊಂಡೆವು. ಒಂದು ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ತಾರೀಕು ಬರೆದು, ಪ್ರತಿ ತಾರೀಕಿನ ಕೆಳಗೆ ಅವತ್ತು ಎಷ್ಟು ಮಕ್ಕಳು ಬಂದಿಲ್ಲ ಅನ್ನುವ ಸಂಖ್ಯೆ ಮಾತ್ರ ಬರೆದೆವು. ಹೆಸರು ಬರೆಯಲಿಲ್ಲ. ಹೆಸರು ಬರೆದರೆ ಆ ಹಾಳೆ ಊರಿನ ಮುಂದೆ ಇಡುವ ಹಾಗಿರುವುದಿಲ್ಲ. ಮಾಮೂಲಿಗಿಂತ ಜಾಸ್ತಿ ಗೈರು ಇದ್ದ ದಿನಗಳಿಗೆ ಕೆಂಪು ಸುತ್ತು ಹಾಕಿದೆವು.

ಮುಂದಿನ ಕೆಲಸ ಶಾಲೆಯಲ್ಲಿ ಆಗುವುದಲ್ಲ. ಹಾಳೆ ಹಿಡಿದುಕೊಂಡು ನಾಲ್ಕು ಜನರ ಹತ್ತಿರ ಹೋಗಿ: ಡೇರಿ ಕಾರ್ಯದರ್ಶಿ, ಆಶಾ ಕಾರ್ಯಕರ್ತೆ, ಅಂಗನವಾಡಿ ಮೇಡಂ, ಊರಿಗೆ ನೀರು ಬಿಡುವ ನೀರುಗಂಟಿ. ಊರಿನಲ್ಲಿ ಯಾವ ದಿನ ಏನು ನಡೆಯಿತು ಅನ್ನುವುದು ಈ ನಾಲ್ವರಿಗೆ ಗೊತ್ತಿರುವಷ್ಟು ಪಂಚಾಯ್ತಿ ಅಧ್ಯಕ್ಷರಿಗೂ ಗೊತ್ತಿರುವುದಿಲ್ಲ. "ಈ ಮಂಗಳವಾರ ಏನಾಗಿತ್ತು?" ಅಂದರೆ ನಮ್ಮ ಡೇರಿ ಕಾರ್ಯದರ್ಶಿ ತನ್ನ ಪುಸ್ತಕ ತೆಗೆದು, "ಅವತ್ತು ಮೇಲಿನ ಬೀದಿಯವರು ಹಾಲು ತಡವಾಗಿ ಹಾಕಿದ್ದಾರೆ, ಮೂರು ಮನೆ ಹುಳು ಒಟ್ಟಿಗೆ ಹಣ್ಣಾಗಿತ್ತು ನೋಡಣ್ಣ" ಅಂದ. ಇಂಥ ಸಾಕ್ಷಿ ಯಾವ ಸರ್ವೆಯಲ್ಲೂ ಸಿಗುವುದಿಲ್ಲ.

ಒಂದು ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕಡಿಮೆಯೆಂದರೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ತಿಂಗಳಿಗೆ ಎರಡೇ ದಿನ ತಪ್ಪಿಸಿದರೂ ವರ್ಷಕ್ಕೆ ಸುಮಾರು 20 ದಿನ ಹೋಯಿತು, ಹತ್ತರಲ್ಲಿ ಒಂದು ಪಾಲು. ತಿಂಗಳಿಗೆ ಎರಡು ದಿನ ಅಂದರೆ ಯಾವ ಅಪ್ಪನೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ. ಆದರೆ ಭಾಗಾಕಾರ ಹೇಳಿಕೊಟ್ಟ ಎರಡು ದಿನ ಮಗು ಇರದಿದ್ದರೆ ಭಿನ್ನರಾಶಿ ಬರುವ ಹೊತ್ತಿಗೆ ಅದು ಸುಮ್ನೆ ಕೂತಿರುತ್ತದೆ. ಅರ್ಥವಾಗದ ಕಡೆ ಯಾರು ತಾನೆ ಹೋಗಲು ಇಷ್ಟಪಡುತ್ತಾರೆ?

ಹುಳುವಿನ ಲೆಕ್ಕ

ರೇಷ್ಮೆ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ನಾವು ಎರಡನೇ ಜ್ವರ ದಾಟಿದ ಹುಳು ತರುತ್ತೇವೆ. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಮನೆಗೆ ಬಂದ ಮೇಲೆ ಇನ್ನೂ ಎರಡು ಜ್ವರ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಏಳೆಂಟು ದಿನ ಹುಳು ಹಗಲೂ ರಾತ್ರಿ ತಿನ್ನುತ್ತದೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಈ ಕೊನೆಯ ವಾರದ್ದೇ. ಆಮೇಲೆ ಒಂದು ಬೆಳಗ್ಗೆ ಮೇವು ಬಿಟ್ಟು, ಮೈ ಹಳದಿ ತಿರುಗಿ, ತಲೆ ಎತ್ತಿ ಆಡಿಸಲು ಶುರು ಮಾಡುತ್ತದೆ. ಅದೇ ಹಣ್ಣಾಗುವುದು. ಆಗ ಒಂದೊಂದೇ ಆರಿಸಿ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ತಡವಾದರೆ ಹುಳು ಬಾಯಲ್ಲಿನ ನೂಲನ್ನು ಕಸದ ಮೇಲೆ ಬಿಟ್ಟುಬಿಡುತ್ತದೆ. ಸುಮಾರು ತಿಂಗಳ ದುಡಿಮೆ ಅರ್ಧ ದಿನದಲ್ಲಿ ಹಾಳು.

ಆ ಅರ್ಧ ದಿನ ಮನೆಯಲ್ಲಿ ಕೈ ಇರುವವರೆಲ್ಲ ಬೇಕು. ಮಕ್ಕಳ ಬೆರಳು ಸಣ್ಣದು, ಹುಳುವಿಗೆ ನೋವಾಗುವುದಿಲ್ಲ ಅಂತ ನಾವೇ ಒಂದು ಕಥೆ ಕಟ್ಟಿಕೊಂಡಿದ್ದೆವು. ನಿಜ ಹೇಳಬೇಕೆಂದರೆ ಮಕ್ಕಳಿಗೆ ಕೂಲಿ ಕೊಡಬೇಕಾಗಿರಲಿಲ್ಲ. ಅಷ್ಟೇ.

ಹೆಡ್ ಮೇಡಂ ಜೊತೆ ಕೂತಾಗ ಹೊಳೆದದ್ದು ಒಂದೇ ವಿಷಯ. ಈ ದಿನ ನಮಗೆ ಮೊದಲೇ ಗೊತ್ತಿರುತ್ತದಲ್ಲ! ಚಾಕಿ ಹುಳು ತಂದ ದಿನದಿಂದ ಸುಮಾರು ಎರಡೂವರೆ ವಾರಕ್ಕೆ ಹಣ್ಣಾಗುತ್ತದೆ. ಚಳಿಗಾಲದಲ್ಲಿ ಒಂದೆರಡು ದಿನ ಮುಂದಕ್ಕೆ ಹೋಗಬಹುದು. ಮಗುವಿಗೆ ಜ್ವರ ಯಾವತ್ತು ಬರುತ್ತದೋ ಗೊತ್ತಿಲ್ಲ, ಆದರೆ ಹುಳು ಯಾವತ್ತು ಹಣ್ಣಾಗುತ್ತದೆ ಅನ್ನುವುದು ಎರಡು ವಾರ ಮೊದಲೇ ಗೊತ್ತು. ಗೊತ್ತಿರುವ ದಿನಕ್ಕೆ ಏರ್ಪಾಡು ಮಾಡದೆ ಮಗುವನ್ನು ನಿಲ್ಲಿಸಿಕೊಳ್ಳುತ್ತಿದ್ದೆವು.

ಏರ್ಪಾಡು ಹೊಸದೇನಲ್ಲ. ಮುಯ್ಯಾಳು. ನಮ್ಮ ತಾತನವರು ರಾಗಿ ಕೊಯ್ಲಿಗೆ ಮಾಡುತ್ತಿದ್ದದ್ದು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅದನ್ನೇ ಹುಳು ಮನೆಗೆ ತಂದೆವು. ಐದು ಮನೆಗೆ ಒಂದು ಗುಂಪು. ಡೇರಿ ಗೋಡೆಯ ಮೇಲೆ ಒಂದು ಕರಿ ಹಲಗೆ ಹಾಕಿಸಿದೆವು. ಚಾಕಿ ಹುಳು ತಂದವರು ಅವತ್ತು ಸಂಜೆಯೇ ಮನೆ ಹೆಸರು, ಎಷ್ಟು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ನಾವು ಒಂದು ಮೊಟ್ಟೆ ಅನ್ನುತ್ತೇವೆ), ತಂದ ದಿನ ಬರೆಯಬೇಕು. ನಾಲ್ಕನೇ ಜ್ವರ ಎದ್ದ ದಿನ ಹಣ್ಣಾಗುವ ಅಂದಾಜು ತಾರೀಕು ಬರೆಯಬೇಕು. ಆ ತಾರೀಕಿಗೆ ಗುಂಪಿನ ಉಳಿದ ಮನೆಗಳಿಂದ ಒಬ್ಬೊಬ್ಬ ದೊಡ್ಡವರು ಅರ್ಧ ದಿನ ಬರಬೇಕು. ಊಟ ಆ ಮನೆಯದು. ಹೆಸರುಬೇಳೆ ಪಾಯಸ ಇದ್ದರೆ ಜನ ಬೇಗ ಬರುತ್ತಾರೆ ಅನ್ನುವುದನ್ನು ಅನುಭವದಿಂದ ಕಲಿತೆವು.

ಮೊದಲ ಸಲ ಇದು ಕೆಟ್ಟುಹೋಯಿತು. ಎರಡು ಜಗಳ ಆಯಿತು. ಒಂದು, ನೂರು ಮೊಟ್ಟೆ ಮೇಯಿಸುವವನ ಮನೆಗೂ ಮುನ್ನೂರು ಮೊಟ್ಟೆ ಮೇಯಿಸುವವನ ಮನೆಗೂ ಒಂದೇ ಲೆಕ್ಕದ ಆಳು ಹೇಗೆ ಅಂತ. ನ್ಯಾಯವಾದ ಪ್ರಶ್ನೆ. 50 ಮೊಟ್ಟೆಗೆ ಒಬ್ಬ ಆಳು, ಹೆಚ್ಚು ಪಡೆದವರು ಹೆಚ್ಚು ತೀರಿಸಬೇಕು, ಆಗದಿದ್ದರೆ ಕೂಲಿ ಕೊಡಬೇಕು ಅಂತ ಮಾಡಿಕೊಂಡೆವು. ಇನ್ನೊಂದು ಜಗಳ ಗಟ್ಟಿಯಾದದ್ದು. ಹೊರಗಿನವರು ಹುಳು ಮನೆಗೆ ಕಾಲಿಟ್ಟರೆ ರೋಗ ಬರುತ್ತದೆ ಅನ್ನುವ ಭಯ. ಇದು ಮೂಢನಂಬಿಕೆಯಲ್ಲ, ಕಾಲಿನಲ್ಲಿ ಕೈಯಲ್ಲಿ ರೋಗ ಹೋಗುವುದು ನಿಜ. ಹಾಗಾಗಿ ಬಾಗಿಲಲ್ಲೇ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈಕಾಲು ತೊಳೆದೇ ಒಳಗೆ ಹೋಗುವುದು, ರೋಗ ಬಿದ್ದ ಮನೆಯಿಂದ ಆ ಬೆಳೆ ಮುಗಿಯುವವರೆಗೆ ಯಾರೂ ಬೇರೆ ಮನೆಗೆ ಮುಯ್ಯಿಗೆ ಹೋಗದಿರುವುದು ಅಂತ ನಿಯಮ ಮಾಡಿದೆವು. ಈ ಭಯವನ್ನು ಕೇಳಿಸಿಕೊಳ್ಳದೆ "ಮಕ್ಕಳ ಭವಿಷ್ಯ" ಅಂತ ಭಾಷಣ ಮಾಡಿದ್ದರೆ ಒಂದು ಮನೆಯೂ ಸೇರುತ್ತಿರಲಿಲ್ಲ.

ಮಕ್ಕಳು ಹುಳು ಮನೆಗೆ ಕಾಲೇ ಇಡಬಾರದು ಅಂತ ನಾವು ಹೇಳಲಿಲ್ಲ. ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ಸ್ವಂತ ಮನೆಯ, ಅಪಾಯವಿಲ್ಲದ ಕೆಲಸಕ್ಕೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಕೈ ಹಾಕಬಹುದು. ಸಂಜೆ ಒಂದು ಗಂಟೆ ಸೊಪ್ಪು ಹಾಕಿದರೆ ತಪ್ಪಿಲ್ಲ, ಬೆಳಗ್ಗೆ ಹತ್ತಕ್ಕೆ ಶಾಲೆಯಲ್ಲಿರಬೇಕು ಎಂದು ಗೆರೆ ಎಳೆದೆವು. ಮೇಡಂಗೆ ಇದು ಪೂರ್ತಿ ಇಷ್ಟವಾಗಲಿಲ್ಲ. ಮಗು ಸುಸ್ತಾಗಿ ಬಂದು ತೂಕಡಿಸುತ್ತದೆ ಅಂದರು. ಅವರ ಮಾತೂ ಸರಿ. ಈ ವಿಷಯದಲ್ಲಿ ನಾವಿಬ್ಬರೂ ಇನ್ನೂ ಒಂದಾಗಿಲ್ಲ.

ನಿಮ್ಮೂರಿನಲ್ಲಿ ಹುಳು ಇಲ್ಲದಿರಬಹುದು. ಶ್ರೀನಿವಾಸಪುರದ ಕಡೆ ಮಾವು. ಕೊಯ್ಲು ಜೂನ್‌ವರೆಗೂ ಎಳೆದು ಶಾಲೆ ಶುರುವಾಗುವ ದಿನಕ್ಕೇ ಡಿಕ್ಕಿ ಹೊಡೆಯುತ್ತದೆ. ಕೋಲಾರದ ಸುತ್ತ ಟೊಮೆಟೊ; ಬಿಡಿಸುವ ದಿನ ಬೆಳಗ್ಗೆ ಬೇಗ ಕೈ ಬೇಕು. ಪಾವಗಡ, ಶಿರಾ ಕಡೆ ಕಡಲೆಕಾಯಿ ಕೀಳುವ ಕಾಲ. ಬೆಳೆ ಯಾವುದಾದರೂ ಇರಲಿ, ಕೇಳಬೇಕಾದ ಪ್ರಶ್ನೆ ಎರಡೇ. ಆ ದಿನ ಮೊದಲೇ ಗೊತ್ತಾಗುತ್ತದೆಯೇ? ಮಗುವಿನ ಬದಲು ಯಾರ ಕೈ ಸಿಗುತ್ತದೆ?

ಸಭೆ ಎಲ್ಲಿ ಮಾಡಬೇಕು

ಶಾಲೆಯಲ್ಲಿ ಮಾಡಬೇಡಿ. ಮಾಡಲೇಬೇಕಾದ ಸಭೆಗಳಿರುತ್ತವೆ, ನಡವಳಿ ಪುಸ್ತಕ ಬರೆಯಬೇಕು, ಅದು ಬೇರೆ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಪೋಷಕರ ಸಭೆ ಅಂತ ಚೀಟಿ ಕಳಿಸಿದರೆ ಬರುವವರು ಯಾರು? ಯಾರ ಮಕ್ಕಳು ದಿನಾ ಬರುತ್ತಾರೋ ಅವರ ಅಪ್ಪ ಅಮ್ಮ. ಅವರಿಗೆ ಬುದ್ಧಿ ಹೇಳಿ ಕಳಿಸುತ್ತೇವೆ.

ನಮ್ಮ ಕಡೆ ಹಳ್ಳಿಯಲ್ಲಿ ಬೆಳಗ್ಗೆ ಸಂಜೆ ತಪ್ಪದೆ ಎಲ್ಲರೂ ಸೇರುವ ಜಾಗ ಹಾಲಿನ ಡೇರಿ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಹತ್ತು ನಿಮಿಷ ಎಲ್ಲೂ ಹೋಗುವಂತಿಲ್ಲ. ಅಲ್ಲಿಗೆ ಹೋಗಿ. ಹೆಡ್ ಮೇಡಂ ತಿಂಗಳಿಗೆ ಒಂದು ದಿನ ಸಂಜೆ ಬಸ್ಸು ಬಿಟ್ಟು ಉಳಿದರು. ನಮ್ಮ ಹಾಳೆಯನ್ನು ಡೇರಿ ಗೋಡೆಗೆ ಅಂಟಿಸಿ, "ಈ ಕೆಂಪು ಸುತ್ತು ಯಾಕೆ, ನೀವೇ ಹೇಳಿ" ಅಂತ ಕೇಳಿ ಸುಮ್ಮನಾದರು. ಉತ್ತರಗಳು ತಾವಾಗಿಯೇ ಬಂದವು. ನಮಗೆ ಗೊತ್ತೇ ಇರದಿದ್ದ ಒಂದು ಕಾರಣವೂ ಅವತ್ತೇ ಬಂತು. ಶನಿವಾರ ಬೆಳಗಿನ ಶಾಲೆ, ಎಂಟು ಗಂಟೆಗೆ ಶುರು. ಅದೇ ಹೊತ್ತಿಗೆ ಡೇರಿ ಸಾಲು. ಅಮ್ಮ ಡೇರಿಯಲ್ಲಿ, ಮಗು ತಿಂಡಿಗೆ ಕಾದು ಮನೆಯಲ್ಲಿ. ಶನಿವಾರ ಶಾಲೆ ಮಕ್ಕಳ ಮನೆಯ ಕ್ಯಾನು ಮೊದಲು ತೆಗೆದುಕೊಳ್ಳುತ್ತೇನೆ ಎಂದು ಕಾರ್ಯದರ್ಶಿ ಅಲ್ಲೇ ಹೇಳಿದ. ಒಂದು ರೂಪಾಯಿ ಖರ್ಚಿಲ್ಲದೆ ಶನಿವಾರದ ಕೆಂಪು ಸುತ್ತು ಹೋಯಿತು.

ಹೆಂಗಸರು ಮಾತಾಡುವ ಹಾಗೆ ನೋಡಿಕೊಳ್ಳಿ. ಎಸ್‌ಡಿಎಂಸಿಯಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಿಯೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಹೆಸರಿಗೆ ಇರುತ್ತಾರೆ. ಸಹಿ ಮಾಡಲು ಗಂಡ ಬರುತ್ತಾನೆ. ನಮ್ಮಲ್ಲೂ ಹಾಗೇ ಇತ್ತು. ಡೇರಿಗೆ ಹಾಲು ತರುವವರು ಹೆಚ್ಚಾಗಿ ಹೆಂಗಸರೇ ಆದ್ದರಿಂದ ಅಲ್ಲಿ ಮಾತಾಡಿದರು.

ಬರದ ಮಗುವಿನ ಮನೆಗೆ ಹೋಗುವಾಗ

ಕೆಂಪು ಸುತ್ತಿನ ದಿನಗಳು ಕಡಿಮೆಯಾದ ಮೇಲೆ ಪುಸ್ತಕದಲ್ಲಿ ಐದಾರು ಮಕ್ಕಳು ಉಳಿದರು. ಹುಳು ಇರಲಿ ಬಿಡಲಿ, ಜಾತ್ರೆ ಇರಲಿ ಬಿಡಲಿ, ಅವರು ಬರುತ್ತಿರಲಿಲ್ಲ. ಈ ಮಕ್ಕಳನ್ನು ಮಾತ್ರ ಅಡ್ಡ ಸಾಲಿನಲ್ಲಿ ಓದಬೇಕು. ಇವರಿಗೆ ಹಲಗೆ, ಸಭೆ ಯಾವುದೂ ನಾಟುವುದಿಲ್ಲ. ಮನೆಗೇ ಹೋಗಬೇಕು.

ನಾವು ಇಟ್ಟುಕೊಂಡ ಕ್ರಮ: ಮೊದಲ ದಿನ ಬೆಳಗ್ಗೆ ಹನ್ನೊಂದರೊಳಗೆ ಒಂದು ಫೋನು. ಮೂರನೇ ದಿನ ಮನೆಗೆ ಇಬ್ಬರು. ಇಬ್ಬರಲ್ಲಿ ಒಬ್ಬರು ಹೆಂಗಸು, ಒಬ್ಬರು ಅದೇ ಬೀದಿಯವರು. ಮೇಷ್ಟ್ರು ಮೊದಲ ಸಲಕ್ಕೆ ಬೇಡ. ಮೇಷ್ಟ್ರು ಬಂದರೆ ಮನೆಯವರು ಕುರ್ಚಿ ತರುತ್ತಾರೆ, ಕಾಫಿ ಮಾಡುತ್ತಾರೆ, "ನಾಳೆ ಖಂಡಿತ ಕಳಿಸ್ತೀವಿ ಸಾರ್" ಅನ್ನುತ್ತಾರೆ. ಕಾರಣ ಮಾತ್ರ ಹೇಳುವುದಿಲ್ಲ.

"ಯಾಕೆ ಕಳಿಸಿಲ್ಲ?" ಅಂತ ಶುರು ಮಾಡಬೇಡಿ. ನಮ್ಮ ಕಡೆ ಅರ್ಧ ಊರು ಮನೆಯಲ್ಲಿ ತೆಲುಗು ಮಾತಾಡುತ್ತದೆ. "ಏಮ್ಮಾ, ಪಾಪ ಬಾಗುಂದಾ?" (ಏನಮ್ಮಾ, ಮಗು ಚೆನ್ನಾಗಿದೆಯಾ?) ಅಂತ ಕೇಳಿದರೆ ಬಾಗಿಲು ತೆರೆಯುತ್ತದೆ. ಒಂದನೇ ತರಗತಿಗೆ ಸೇರಿ ಎರಡು ವಾರಕ್ಕೆ ಬಿಟ್ಟ ಒಬ್ಬ ಹುಡುಗನ ಕಾರಣ ಸಿಕ್ಕಿದ್ದು ಹೀಗೇ. ಮೇಡಂ ಹೇಳುವ ಕನ್ನಡ ಅವನಿಗೆ ಅರ್ಥವಾಗುತ್ತಿರಲಿಲ್ಲ, ಹೊರಗೆ ಹೋಗಬೇಕು ಅಂತ ಕೇಳಲು ಗೊತ್ತಾಗದೆ ತರಗತಿಯಲ್ಲೇ ಒದ್ದೆ ಮಾಡಿಕೊಂಡಿದ್ದ. ಎಲ್ಲರೂ ನಕ್ಕಿದ್ದರು. ಐದನೇ ತರಗತಿಯ ಒಬ್ಬ ತೆಲುಗು ಹುಡುಗಿಯನ್ನು ಅವನಿಗೆ ಅಕ್ಕನಾಗಿ ಮಾಡಿದೆವು. ದಿನಾ ಅವಳೇ ಮನೆಯಿಂದ ಕರೆತಂದಳು. ದಸರಾ ರಜೆ ಬರುವ ಹೊತ್ತಿಗೆ ಅವನು ಎರಡೂ ಭಾಷೆಯಲ್ಲಿ ಬೈಯಲು ಕಲಿತಿದ್ದ.

ಇನ್ನೊಬ್ಬಳು ಆರನೇ ತರಗತಿ ಹುಡುಗಿ, ತಮ್ಮನನ್ನು ನೋಡಿಕೊಳ್ಳಲು ನಿಲ್ಲುತ್ತಿದ್ದಳು. ಅಂಗನವಾಡಿ ತೆರೆಯುವುದು ತಡವಾಗುತ್ತಿತ್ತು, ಅಷ್ಟರಲ್ಲಿ ಅಮ್ಮ ದ್ರಾಕ್ಷಿ ತೋಟದ ಕೂಲಿಗೆ ಹೊರಡಬೇಕು. ಅಂಗನವಾಡಿಯವರ ಮೇಲೆ ದೂರು ಬರೆಯೋಣ ಅಂತ ಒಬ್ಬರು ಹೊರಟಿದ್ದರು. ಕೇಳಿದಾಗ ಗೊತ್ತಾಯಿತು, ಸಹಾಯಕಿ ಪಕ್ಕದ ಊರಿನಿಂದ ಬರಬೇಕು, ಅವರ ಬಸ್ಸೇ ಬರುವುದು ಹತ್ತಕ್ಕೆ. ಎದುರು ಮನೆಯ ಅಜ್ಜಿ ಕೀಲಿ ಇಟ್ಟುಕೊಂಡು ಒಂಬತ್ತಕ್ಕೆ ಬಾಗಿಲು ತೆರೆದು ಅಂಗಳದಲ್ಲಿ ಕೂರಲು ಒಪ್ಪಿದರು. ನಿಮ್ಮ ಪಂಚಾಯ್ತಿಯಲ್ಲಿ "ಕೂಸಿನ ಮನೆ" ಇದೆಯೇ ಕೇಳಿ. ಕೂಲಿಗೆ ಹೋಗುವವರ ಪುಟ್ಟ ಮಕ್ಕಳಿಗೆ ಅಂತಲೇ ರಾಜ್ಯ ಸರ್ಕಾರ ಶುರು ಮಾಡಿದ ಶಿಶುಪಾಲನಾ ಕೇಂದ್ರ ಅದು. ತಮ್ಮ ತಂಗಿಗೆ ಜಾಗ ಸಿಕ್ಕರೆ ಅಕ್ಕ ಶಾಲೆಗೆ ಬರುತ್ತಾಳೆ.

ದೊಡ್ಡ ಹುಡುಗಿಯರು ತಿಂಗಳಿಗೆ ಮೂರು ದಿನ ಬರದಿರುವುದರ ಬಗ್ಗೆ ನನ್ನ ಹತ್ತಿರ ಯಾರೂ ಹೇಳಲಿಲ್ಲ, ನನ್ನ ಹೆಂಡತಿ ಹತ್ತಿರ ಹೇಳಿದರು. ಶೌಚಾಲಯ ಇತ್ತು, ನೀರಿರಲಿಲ್ಲ. ಸಾವಿರ ಅಡಿಗೂ ಆಳ ಬೋರ್‌ವೆಲ್ ಕೊರೆಯುವ ಸೀಮೆ ನಮ್ಮದು, ನೀರು ಬರುವುದೇ ಸರದಿಯಲ್ಲಿ. ನೀರುಗಂಟಿ ಶಾಲೆಯ ಸಂಪ್‌ಗೆ ನೀರನ್ನು ಮಧ್ಯಾಹ್ನ ಬಿಡುತ್ತಿದ್ದ. ಬೆಳಗ್ಗೆ ಎಂಟಕ್ಕೆ ಮೊದಲು ಶಾಲೆಗೆ, ಆಮೇಲೆ ಬೀದಿಗೆ ಎಂದು ಅವನನ್ನು ಕೇಳಿಕೊಂಡೆವು. ಮೇಲಿನ ಬೀದಿಯವರು ಒಂದು ವಾರ ಗೊಣಗಿದರು. ಶೌಚಾಲಯದ ಕೀಲಿ ಮೇಷ್ಟ್ರ ಮೇಜಿನಿಂದ ಏಳನೇ ತರಗತಿಯ ಇಬ್ಬರು ಹುಡುಗಿಯರ ಕೈಗೆ ಹೋಯಿತು. ಈ ಎರಡು ಕೆಲಸಕ್ಕೆ ಒಂದು ದಿನ ಹಿಡಿಯಿತು. ಗೊತ್ತಾಗಲು ಮಾತ್ರ ಒಂದು ವರ್ಷ ಬೇಕಾಯಿತು. ಅಧ್ಯಕ್ಷರು ಗಂಡಸಾಗಿದ್ದರೆ ನೀವು ಕಾಯಬೇಡಿ, ಮೊದಲೇ ಹೆಂಗಸರ ಹತ್ತಿರ ಕೇಳಿಸಿ.

ಇವನ್ನು ಮಾತ್ರ ಮಾಡಬೇಡಿ

ಗುಡಿಯ ಮೈಕಿನಲ್ಲಿ ಹೆಸರು ಓದುವುದು. ನನ್ನದೇ ಐಡಿಯಾ, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ತಪ್ಪಿಸಿದ ಮಕ್ಕಳ ಹೆಸರನ್ನು ಶುಕ್ರವಾರ ಸಂಜೆ ಓದಿಸಿದೆ. ಒಬ್ಬ ಹುಡುಗನ ತಾಯಿ ರಾತ್ರಿ ನಮ್ಮ ಮನೆಗೆ ಬಂದು ಅತ್ತರು. ಗಂಡ ಆಸ್ಪತ್ರೆಯಲ್ಲಿದ್ದ, ಹಸು ನೋಡಿಕೊಳ್ಳಲು ಮಗ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆ ಹುಡುಗ ಮತ್ತೆ ಶಾಲೆಗೆ ಬರಲು ಎರಡು ತಿಂಗಳು ಹಿಡಿಯಿತು. ಇವತ್ತಿಗೂ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.

ಒಂದು ದಿನವೂ ತಪ್ಪಿಸದವರಿಗೆ ಬಹುಮಾನ. ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಒಬ್ಬ ಮೂರನೇ ತರಗತಿ ಹುಡುಗನಿಗೆ ಅಮ್ಮ (ಸೀತಾಳೆ ಸಿಡುಬು) ಬಂದಿತ್ತು, ಮೈಮೇಲೆ ಗುಳ್ಳೆ. ಬಹುಮಾನದ ಸ್ಟೀಲ್ ಡಬ್ಬಿ ತಪ್ಪುತ್ತದೆ ಅಂತ ತುಂಬು ತೋಳಿನ ಅಂಗಿ ಹಾಕಿಕೊಂಡು ಬಂದ. ಎರಡು ವಾರದಲ್ಲಿ ಅರ್ಧ ತರಗತಿ ಬೇವಿನ ಸೊಪ್ಪಿನ ಮೇಲೆ ಮಲಗಿತ್ತು. ಕಾಯಿಲೆ ಬಂದರೆ ಮನೆಯಲ್ಲೇ ಇರಬೇಕು, ಹೇಳಿ ಕಳಿಸಿದರೆ ಸಾಕು, ಅದು ತಪ್ಪಲ್ಲ ಅಂತ ಬೇರೆ ಮಾತು ಹೇಳಬೇಕಾಯಿತು. ಈಗ ಬಹುಮಾನ ಮಗುವಿಗಿಲ್ಲ. ತಿಂಗಳಲ್ಲಿ ಕೆಂಪು ಸುತ್ತು ಅತಿ ಕಡಿಮೆ ಇದ್ದರೆ ಇಡೀ ಶಾಲೆಗೆ ಡೇರಿಯಿಂದ ಮಜ್ಜಿಗೆ. ಮಕ್ಕಳೇ ಒಬ್ಬರನ್ನೊಬ್ಬರು ಕರೆದುಕೊಂಡು ಬರುತ್ತಾರೆ.

ಊಟದ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬಿಸಿಯೂಟ, ಮೊಟ್ಟೆ, ಬೆಳಗಿನ ಹಾಲು ಮಕ್ಕಳನ್ನು ತರುತ್ತವೆ. ಕ್ಷೀರಭಾಗ್ಯ 2013ರ ಆಗಸ್ಟ್‌ನಲ್ಲಿ ಶುರುವಾದದ್ದು, 18 ಗ್ರಾಂ ಹಾಲಿನ ಪುಡಿಗೆ 150 ಮಿಲಿ ಹಾಲು. ನಾವು ಡೇರಿಗೆ ಹಾಕಿದ ಹಾಲೇ ಪುಡಿಯಾಗಿ ನಮ್ಮ ಮಕ್ಕಳ ಲೋಟಕ್ಕೆ ಬರುತ್ತದೆ ಅಂತ ಡೇರಿಯಲ್ಲಿ ತಮಾಷೆ ಮಾಡುತ್ತೇವೆ. ಎಸ್‌ಡಿಎಂಸಿ ಮಾಡಬೇಕಾದದ್ದು ಒಂದೇ: ಆ ಹಾಲು ಪ್ರಾರ್ಥನೆಯ ಹೊತ್ತಿಗೆ ಬಿಸಿಯಾಗಿ ಸಿಗುವಂತೆ ನೋಡಿಕೊಳ್ಳುವುದು. ಹನ್ನೊಂದೂವರೆಗೆ ಕೊಟ್ಟರೆ ಮಕ್ಕಳೂ ಹನ್ನೊಂದಕ್ಕೇ ಬರುತ್ತಾರೆ.

ಹೊರಗಿನಿಂದ ಬಂದ ಮಕ್ಕಳು

ತೋಟದ ಕೆಲಸಕ್ಕೆ, ಕೋಳಿ ಫಾರಂಗೆ ರಾಯಚೂರು, ಯಾದಗಿರಿ ಕಡೆಯಿಂದ ಕುಟುಂಬಗಳು ಬಂದು ಶೆಡ್ಡಿನಲ್ಲಿ ಇರುತ್ತವೆ. ಅವರ ಮಕ್ಕಳ ಹೆಸರು ಯಾವ ಹಾಜರಾತಿ ಪುಸ್ತಕದಲ್ಲೂ ಇರುವುದಿಲ್ಲ, ಆದ್ದರಿಂದ ಗೈರೂ ಕಾಣುವುದಿಲ್ಲ. ನಮ್ಮ ಹಾಳೆಯಲ್ಲೂ ಕಂಡಿರಲಿಲ್ಲ. ಕೋಳಿ ಫಾರಂ ಹತ್ತಿರ ನಾಲ್ಕು ಮಕ್ಕಳು ಟೈರು ಉರುಳಿಸುತ್ತಿದ್ದದ್ದನ್ನು ನೋಡಿ ಬಂದು ಹೇಳಿದ್ದು ಆಶಾ ಕಾರ್ಯಕರ್ತೆ.

"ಟಿಸಿ ಇಲ್ಲ, ಆಧಾರ್ ಇಲ್ಲ" ಅಂತ ಅಪ್ಪ ಹೆದರಿದ್ದ. ಹೆದರಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಬರೆದಿದೆ, ಟಿಸಿ ತಡವಾಯಿತು ಎಂದು ಪ್ರವೇಶ ನಿಲ್ಲಿಸುವ ಹಾಗಿಲ್ಲ, ವಯಸ್ಸಿನ ದಾಖಲೆ ಇಲ್ಲ ಎಂದು ನಿರಾಕರಿಸುವ ಹಾಗೂ ಇಲ್ಲ. ಮೊದಲು ಕೂರಿಸಿ, ಕಾಗದ ಆಮೇಲೆ. ಎಸ್‌ಡಿಎಂಸಿಯವರು ಇಲ್ಲಿ ಮಾಡಬಹುದಾದ ಕೆಲಸವೆಂದರೆ ತೋಟದ ಮಾಲೀಕನ ಹತ್ತಿರ ಮಾತಾಡುವುದು. ಮೇಸ್ತ್ರಿ, ಮಾಲೀಕ ಇಬ್ಬರೂ ನಮ್ಮೂರಿನವರೇ, ದಿನಾ ಡೇರಿಯಲ್ಲಿ ಸಿಗುವವರೇ. ಮಾತು ಕೇಳದೆ ಮಗುವನ್ನು ದುಡಿಸಿಕೊಳ್ಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ನಮಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ, ನಂಬರು ಮಾತ್ರ ಹಲಗೆಯ ಮೂಲೆಯಲ್ಲಿ ಬರೆದಿಟ್ಟೆವು. ಬರೆದಿಟ್ಟದ್ದೇ ಸ್ವಲ್ಪ ಕೆಲಸ ಮಾಡಿತು.

ಪಂಚಾಯ್ತಿಯಿಂದ ಏನಾದರೂ ಆಗಬೇಕಾದರೆ ಬಾಯಿ ಮಾತಿನಲ್ಲಿ ಹೇಳಬೇಡಿ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳ ಕೈಯಲ್ಲೇ ಕೇಳಿಸಿ, ನಡವಳಿಯಲ್ಲಿ ಬರೆಸಿ, ಆ ನಡವಳಿಯ ನಕಲು ತೆಗೆದುಕೊಳ್ಳಿ. ಶಾಲೆಯ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸಲು ನಾನು ಎರಡು ವರ್ಷ ಅಲೆದಿದ್ದೆ. "ಮಳೆ ಬಂದರೆ ನಮ್ಮ ಒಂದನೇ ತರಗತಿಯವರು ದಾಟಲು ಆಗಲ್ಲ, ಅವತ್ತು ಬರಲ್ಲ" ಅಂತ ಒಬ್ಬ ಹುಡುಗಿ ಮೈಕಿನಲ್ಲಿ ಹೇಳಿದಳು. ಕೈಯಲ್ಲಿ ನಮ್ಮ ಕೆಂಪು ಸುತ್ತಿನ ಹಾಳೆ ಹಿಡಿದಿದ್ದಳು. ಮಳೆ ಬಂದ ದಿನಗಳನ್ನು ನೀಲಿ ಪೆನ್ನಿನಲ್ಲಿ ಅವಳೇ ಗುರುತು ಮಾಡಿಕೊಂಡಿದ್ದಳಂತೆ. ಸಂಕ್ರಾಂತಿ ಹೊತ್ತಿಗೆ ಚಪ್ಪಡಿ ಬಿತ್ತು.

ಆ ಹುಡುಗಿ ನನ್ನ ಮಗಳೇ. ಈಗ ಹೈಸ್ಕೂಲಿಗೆ ಹೋಗುತ್ತಾಳೆ, ನನ್ನ ಅಧ್ಯಕ್ಷಗಿರಿಯೂ ಮುಗಿಯಿತು. ಹಲಗೆ ಮಾತ್ರ ಡೇರಿಯಲ್ಲೇ ಇದೆ. ಹೋದ ಸೋಮವಾರ 150 ಮೊಟ್ಟೆಯ ಚಾಕಿ ತಂದೆವು. ಸಂಜೆ ಹಾಲು ಹಾಕಲು ಹೋದಾಗ ನೋಡಿದರೆ, ನಮ್ಮ ಮನೆ ಹೆಸರಿನ ಮುಂದೆ ಹಣ್ಣಾಗುವ ತಾರೀಕನ್ನು ಅವಳು ಆಗಲೇ ಬರೆದಿದ್ದಳು, ನಾಲ್ಕನೇ ಜ್ವರಕ್ಕೂ ಕಾಯದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಅವತ್ತು ಗಣಿತ ಪರೀಕ್ಷೆ, ಮೂರು ಆಳು ಬೇಕು" ಅಂತಲೂ ಇತ್ತು. ಇಬ್ಬರು ಒಪ್ಪಿದ್ದಾರೆ. ಮೂರನೆಯವರ ಮನೆಗೆ ಈಗ ಹೋಗಬೇಕು.